ಎಲೊಯ್ಡಾ ಅವರ ದೊಡ್ಡ ಕುಕ್ಕರ್

ಬೆಳಗಿನ ಐದು ಗಂಟೆ. ಚರ್ಚಿನ ಸಭಾಮಂದಿರದ ಹಿಂದಿನ ಅಡುಗೆಮನೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಎಲೊಯ್ಡಾ ಮಾಯೆಸ್ತಾಸ್ ರಾತ್ರಿ ನೆನೆಸಿಟ್ಟಿದ್ದ ಬೀನ್ಸ್ ಕಾಳಿನ ನೀರು ಬಸಿದು, ಹಂಡೆಯಷ್ಟು ದೊಡ್ಡ ಪಾತ್ರೆಗೆ ಸುರಿಯುತ್ತಾರೆ. ಒಂದು ಮೊಣಕಾಲು ಮಡಚುವುದಿಲ್ಲ. ಹಾಗಾಗಿ ಬಗ್ಗುವ ಕೆಲಸವನ್ನೆಲ್ಲ ಸೊಂಟದಿಂದಲೇ ಮಾಡುತ್ತಾರೆ. ಹೊರಗೆ ನವೆಂಬರಿನ ಹಿಮ ಗಟ್ಟಿಯಾಗಿದೆ.

ಶನಿವಾರ ನನ್ನ ಗಂಡ ರಾಮಿರೊನನ್ನು ಮಣ್ಣು ಮಾಡಿದೆವು. ಹೆದ್ದಾರಿಯ ತಿರುವಿನಲ್ಲಿ ಅವನ ಗಾಡಿ ಜಾರಿತ್ತು. ಭಾನುವಾರ ಮನೆ ತುಂಬ ಜನರಿದ್ದರು. ಇವತ್ತು ಸೋಮವಾರ, ಯಾರೂ ಇಲ್ಲದ ಮೊದಲ ಬೆಳಗ್ಗೆ. ಎಲೊಯ್ಡಾ ಅವರ ಬಗ್ಗೆ ಈ ಲೇಖನ ಬರೆದುಕೊಡುತ್ತೇನೆಂದು ಪತ್ರಿಕೆಗೆ ಒಪ್ಪಿಕೊಂಡದ್ದು ಇದಕ್ಕೆಲ್ಲ ಮೊದಲು. ಹಾಗಾಗಿ ಬಂದಿದ್ದೇನೆ.

"ಬಂದ್ಯಾ? ಕೋಟು ಬಿಚ್ಚಬೇಡ, ಒಲೆ ಇನ್ನೂ ಕಾದಿಲ್ಲ. ಆ ಆಲೂಗಡ್ಡೆ ಸುಲಿ" ಎನ್ನುತ್ತಾರೆ ಎಲೊಯ್ಡಾ. ನಾನು ಸುಲಿಯಲು ಕೂರುತ್ತೇನೆ.

ಕಣಿವೆಯ ಒಂಟಿ ಮುದುಕ ಮುದುಕಿಯರಿಗೆ ಮಧ್ಯಾಹ್ನದ ಊಟ ಹೋಗುವುದು ಈ ಅಡುಗೆಮನೆಯಿಂದ. ದಿನಕ್ಕೆ ನಲವತ್ತರ ಆಸುಪಾಸು ಡಬ್ಬಿ. ಎಲೊಯ್ಡಾ ಅವರ ಗಂಡ ಗಣಿಯ ಧೂಳಿಗೆ ಶ್ವಾಸಕೋಶ ಕೊಟ್ಟು ತೀರಿಕೊಂಡ ವರ್ಷ ಈ ಕೆಲಸಕ್ಕೆ ಸೇರಿದರು. ಆಗ ಅವರಿಗೆ ನನ್ನ ವಯಸ್ಸು. ಈಗ ಎಪ್ಪತ್ತು ದಾಟಿದೆ. ಡಬ್ಬಿಯ ಮೇಲೆ ಅಡುಗೆಯವರ ಹೆಸರು ಇರುವುದಿಲ್ಲ. ಊಟ ಚರ್ಚಿನಿಂದ ಬರುತ್ತದೆ ಎಂದೇ ಎಲ್ಲರೂ ಹೇಳುವುದು.

ಆದರೆ ಕಣಿವೆಯ ಊಟಪ್ರಿಯರಿಗೆಲ್ಲ ಅವರು 'ಚಿಕ್ಕಮ್ಮ' ಆಗಿರುವುದು ಇನ್ನೊಂದು ಕಾರಣಕ್ಕೆ. ಪ್ರತಿ ತಿಂಗಳ ಮೊದಲ ಶನಿವಾರ ಈ ಸಭಾಮಂದಿರದಲ್ಲಿ ಜಾಡಿ ಬದಲಾಯಿಸುವ ಕೂಟ ಸೇರುತ್ತದೆ. ಮನೆಯಲ್ಲಿ ಮಾಡಿ ಗಾಜಿನ ಜಾಡಿಗೆ ತುಂಬಿದ್ದನ್ನು ತಂದು ಮೇಜಿನ ಮೇಲಿಡಬೇಕು. ಒಂದು ಬಟ್ಟಲಲ್ಲಿ ರುಚಿ ನೋಡಲು ಕೊಡಬೇಕು, ಹೇಗೆ ಮಾಡಿದೆ ಎಂದು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಎಲೊಯ್ಡಾ ಗಂಟೆ ಬಾರಿಸಿದ ಮೇಲೆ ಎಷ್ಟು ಇಟ್ಟರೋ ಅಷ್ಟು ಎತ್ತಿಕೊಳ್ಳಬಹುದು. ಹಣದ ಮಾತಿಲ್ಲ, ಬರೆದಿಡುವುದೂ ಇಲ್ಲ. ಆ ಜಾಡಿಗಳಲ್ಲಿ ಬಹುಪಾಲು ಬೇಯುವುದು ಎಲೊಯ್ಡಾ ಅವರದೇ ಕುಕ್ಕರಿನಲ್ಲಿ. ಅದು ಏಳು ದೊಡ್ಡ ಜಾಡಿ ಹಿಡಿಯುವ, ಮುಚ್ಚಳದ ಮೇಲೆ ಒತ್ತಡ ತೋರಿಸುವ ಮುಳ್ಳಿರುವ, ಇಬ್ಬರು ಎತ್ತಬೇಕಾದ ಕುಕ್ಕರ್. ವರ್ಷವಿಡೀ ಅದು ಮನೆಯಿಂದ ಮನೆಗೆ ಹೋಗುತ್ತಲೇ ಇರುತ್ತದೆ. ಈಗ ನಮ್ಮ ಮನೆಯಲ್ಲಿದೆ.

"ಹೋದ ಕೂಟದಲ್ಲಿ ಜನ ಯಾವುದಕ್ಕೆ ಮುಗಿಬಿದ್ದರು?" ಎಂದು ಕೇಳುತ್ತೇನೆ. ಲೇಖನಕ್ಕೆ ಬೇಕು.

"ನಿನ್ನ ಗಂಡನ ಬಟ್ಟಲಿಗೇ. ಹಂದಿ ಮಾಂಸ, ಹಸಿಮೆಣಸಿನಕಾಯಿ. ನೆಕ್ಕಿದ್ರು, ಆಮೇಲೆ ಮೂಗು ಮುರಿದ್ರು. ಜೀರಿಗೆ ಹಾಕಿದ್ದ ಪುಣ್ಯಾತ್ಮ! ನ್ಯೂ ಮೆಕ್ಸಿಕೊದಲ್ಲಿ ಯಾರಾದ್ರೂ ಹಸಿಮೆಣಸಿಗೆ ಜೀರಿಗೆ ಹಾಕ್ತಾರಾ? ಟೆಕ್ಸಾಸ್‌ನೋರ ಬುದ್ಧಿ." ಸೌಟಿನಿಂದ ಬೀನ್ಸ್ ತಿರುವುತ್ತಾ ಕೇಳುತ್ತಾರೆ, "ಜೀರಿಗೆ ಹುರಿದು ಹಾಕಿದ್ನಾ, ಹಸೀದಾ?"

"ಹುರಿದು. ಅವರಮ್ಮನ ಕ್ರಮ. ಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದು, ಮಾಂಸದ ಕೊಬ್ಬಲ್ಲೇ ಬೆಳ್ಳುಳ್ಳಿ ಬಾಡಿಸಿ, ಕೊನೆಗೆ ಜೀರಿಗೆ. ರುಚಿಗೆ ಒಂದು ಬಟ್ಟಲು ತೆಗೆದಿಟ್ಟು, ಉಳಿದದ್ದು ಜಾಡಿಗೆ ತುಂಬಿ ಕುಕ್ಕರಿನಲ್ಲಿ ಹತ್ತು ಪೌಂಡ್ ಒತ್ತಡ, ಒಂದೂವರೆ ಗಂಟೆ."

ಎಲೊಯ್ಡಾ ಸೌಟು ಕೆಳಗಿಡುತ್ತಾರೆ.

"ಎಷ್ಟು ಅಂದೆ?"

"ಒಂದೂವರೆ ಗಂಟೆ."

"ಅದಲ್ಲ. ಮುಳ್ಳು ಎಲ್ಲಿತ್ತು?"

"ಹತ್ತರಲ್ಲಿ. ನಾನು ಪಕ್ಕದಲ್ಲೇ ಕೂತಿದ್ದೆ. ಮೇಲೆ ಹೋದರೆ ಉರಿ ತಗ್ಗಿಸ್ತಿದ್ದ. ಅಮ್ಮ ಯಾವಾಗಲೂ ಹತ್ತು ಅಂತಿದ್ದರಂತೆ."

ಅವರು ಒಲೆಯ ಕಡೆ ತಿರುಗಿ ಬೀನ್ಸಿನ ಕೆಳಗಿನ ಉರಿ ಸಣ್ಣದು ಮಾಡುತ್ತಾರೆ. ಏಪ್ರನ್ ಬಿಚ್ಚುತ್ತಾರೆ. ಗಂಟು ಸಿಕ್ಕಾಗಿ ಎರಡು ಸಲ ಎಳೆಯಬೇಕಾಗುತ್ತದೆ.

"ಅವರಮ್ಮ ಇದ್ದದ್ದು ಟೆಕ್ಸಾಸ್‌ನಲ್ಲಿ, ಸಮುದ್ರದ ದಡದಲ್ಲಿ. ಅಲ್ಲಿಗೆ ಹತ್ತು ಹನ್ನೊಂದು ನಡೆಯುತ್ತೆ. ನಾವಿರೋದು ಏಳು ಸಾವಿರ ಅಡಿ ಮೇಲೆ, ಮಗಳೇ. ಇಲ್ಲಿ ಹದಿನಾಲ್ಕು."

ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿಯಾಗುವುದಿಲ್ಲ. ಇದು ಗೊತ್ತಿಲ್ಲದವರು ಕಣಿವೆಯಲ್ಲಿ ಇಲ್ಲ. ಅದಕ್ಕಾಗಿ ಮುಳ್ಳು ಮೇಲೇರಬೇಕೆಂದು ನನಗೆ ಮಾತ್ರ ಹೊಳೆದಿರಲಿಲ್ಲ. ಒತ್ತಡ ಕಡಿಮೆಯಾದರೆ ಮಾಂಸ ಬೆಂದಿರುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ, ನೋಡಲು ಚೆನ್ನಾಗಿರುತ್ತದೆ. ಒಳಗೆ ಸಾಯದೆ ಉಳಿದ ರೋಗಾಣು ಗಾಳಿಯಿಲ್ಲದ ಜಾಡಿಯಲ್ಲಿ ನಿಧಾನವಾಗಿ ವಿಷ ಕಟ್ಟುತ್ತದೆ. ಎಲ್ಲ ಜಾಡಿಯಲ್ಲೂ ಕಟ್ಟುತ್ತದೆ ಎಂದಿಲ್ಲ. ಕಟ್ಟಿದ್ದರೂ ವಾಸನೆ ಬರಲೇಬೇಕೆಂದಿಲ್ಲ.

"ನಮ್ಮ ದೊಡ್ಡಪ್ಪನ ಮಗಳು ಹೋಗಿದ್ದು ಬೀನ್ಸಿನ ಜಾಡಿಯಿಂದ್ಲೇ" ಎನ್ನುತ್ತಾರೆ ಎಲೊಯ್ಡಾ, ಕೋಟಿನ ತೋಳು ಹುಡುಕುತ್ತಾ. "ಮೊದಲು ಎಲ್ಲಾ ಎರಡೆರಡು ಕಾಣುತ್ತೆ ಅಂದ್ಲು. ನಾವು ನಕ್ವಿ. ಆಟ ಆಡ್ತಿದ್ದಾಳೆ ಅಂದ್ಕೊಂಡ್ವಿ."

ಅದಕ್ಕೇ ಅವರಿಗೆ ಒಂದು ನೇಮ. ಕುಕ್ಕರನ್ನು ಮೊದಲ ಸಲ ಎರವಲು ಪಡೆಯುವವರ ಮನೆಗೆ ಕುಕ್ಕರಿನ ಜೊತೆ ತಾವೂ ಹೋಗುತ್ತಾರೆ. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು, ಮುಳ್ಳು ನೋಡುತ್ತಾ, ಮೊದಲ ಸುತ್ತು ಮುಗಿಯುವವರೆಗೂ ಏಳುವುದಿಲ್ಲ. ಹಾಗೆ ಕೂರದೆ ಕೊಟ್ಟದ್ದು ರಾಮಿರೊಗೆ ಮಾತ್ರ.

"ಮಂಡಿ ನೋಯ್ತಿತ್ತು. 'ಏಳು ವರ್ಷದವನಿದ್ದಾಗಿಂದ ಅಮ್ಮನ ಜೊತೆ ಮಾಡಿದೀನಿ ಚಿಕ್ಕಮ್ಮ, ನೀವು ಮೆಟ್ಟಿಲು ಹತ್ತಬೇಡಿ' ಅಂದ. ಎಷ್ಟು ಒಳ್ಳೆ ಹುಡುಗ ಅಂದ್ಕೊಂಡು ಮನೇಲೇ ಉಳಿದೆ." ಕೋಟಿನ ಗುಂಡಿ ಹಾಕುತ್ತಾರೆ. "ಕೂಟಕ್ಕೆ ಎಷ್ಟು ತಂದಿದ್ದ?"

"ಆರು."

ಹನ್ನೊಂದಕ್ಕೆ ಊಟದ ಡಬ್ಬಿಗಳು ಹೊರಡಬೇಕು. ಅಷ್ಟರೊಳಗೆ ಆರು ಜಾಡಿ ಸಿಗಬೇಕು. ಯಾರು ಯಾವುದನ್ನು ಎತ್ತಿಕೊಂಡರೆಂದು ಯಾರೂ ಬರೆದಿಟ್ಟಿಲ್ಲ.

ಎಲೊಯ್ಡಾ ನೆನಪಿಸಿಕೊಳ್ಳುವುದು ಮುಖಗಳನ್ನಲ್ಲ, ನಾಲಿಗೆಗಳನ್ನು. "ಹಿಲ್ಬೆರ್ತೊ. ಖಾರ ಅಂದ್ರೆ ಕಣ್ಣು ಮುಚ್ಕೊಂಡು ಎತ್ಕೋತಾನೆ. ಎರಡು. ಕಾನ್ವೆಂಟಿನ ಸಿಸ್ಟರ್‌ಗಳು ಎರಡು. ಅವರಿಗೆ ಜೀರಿಗೆ ನಡೆಯುತ್ತೆ, ಊರೂರು ತಿರುಗಿದೋರು. ಫೆಲಿಪಾ ಒಂದು. ಬೈಕೊಂಡೇ ತಗೊಂಡ್ಲು. ಆರನೇದು..." ನಿಲ್ಲಿಸುತ್ತಾರೆ. ಆರನೆಯ ನಾಲಿಗೆ ಸಿಗುವುದಿಲ್ಲ.

ಹಿಲ್ಬೆರ್ತೊ ಶಾಲಾ ಬಸ್ಸಿನ ಚಾಲಕ. ಫೋನಿನಲ್ಲಿ ಅವನ ದನಿ ನಿದ್ದೆಗಣ್ಣಿನದು. "ಇಷ್ಟೊತ್ತಿಗೆ ಯಾಕೆ ಚಿಕ್ಕಮ್ಮ? ಯಾರು ಹೋದ್ರು?"

"ಯಾರೂ ಹೋಗಿಲ್ಲ. ಹೋಗಬಾರದು ಅಂತಾನೇ ಫೋನು. ಹಂದಿ ಮಾಂಸದ ಜಾಡಿ ತೆಗೆದ್ಯಾ?"

"ಇಲ್ಲ. ಕ್ರಿಸ್‌ಮಸ್‌ಗೆ ಅಂತ ಎರಡೂ ಕೊಟ್ಟಿಗೇಲಿಟ್ಟಿದೀನಿ."

"ತೆಗೀಬೇಡ. ಮಕ್ಕಳ ಕೈಗೆ ಸಿಗೋ ಹಾಗೆ ಇಡಬೇಡ. ಬಸ್ ತರುವಾಗ ಸಭಾಮಂದಿರದ ಮುಂದೆ ಇಳಿಸಿ ಹೋಗು. ನನ್ನ ಕುಕ್ಕರಿಂದ ತಪ್ಪಾಗಿದೆ."

ಸಿಸ್ಟರ್‌ಗಳು ಬೆಳಗಿನ ಪ್ರಾರ್ಥನೆಯಲ್ಲಿದ್ದಾರೆ, ಫೋನ್ ತೆಗೆಯುವುದಿಲ್ಲ. ನನ್ನ ಪಿಕಪ್ ಟ್ರಕ್ಕಿನಲ್ಲಿ ಹೊರಡುತ್ತೇವೆ, ನಾನೇ ಓಡಿಸುತ್ತೇನೆ. ರಸ್ತೆಯಲ್ಲಿ ಹಿಮದ ಗೀರುಗಳಿವೆ. ತಿರುವು ಬಂದಾಗಲೆಲ್ಲ ಎಲೊಯ್ಡಾ ಕಿಟಕಿಯ ಮೇಲಿನ ಹಿಡಿ ಹಿಡಿಯುತ್ತಾರೆ, ಆದರೆ ನಿಧಾನ ಎನ್ನುವುದಿಲ್ಲ. ಕಾನ್ವೆಂಟಿನ ಎರಡು ಜಾಡಿಯೂ ಮುಚ್ಚಿದ ಹಾಗೇ ಸಿಗುತ್ತವೆ. ಒಂದು ಆಗಲೇ ಮಧ್ಯಾಹ್ನದ ಊಟಕ್ಕೆಂದು ಒಲೆಯ ಪಕ್ಕಕ್ಕೆ ಬಂದಿತ್ತು.

ಫೆಲಿಪಾ ಮನೆಯ ಬಾಗಿಲು ತೆರೆದಾಗ ಮೊದಲು ಕಾಣುವುದೇ ತೊಳೆದು ಬೋರಲು ಹಾಕಿದ ಖಾಲಿ ಜಾಡಿ.

"ನಿನ್ನೆ ರಾತ್ರಿ ತಿಂದ್ವಿ, ನಾನು, ನಮ್ಮೆಜಮಾನ್ರು" ಎನ್ನುತ್ತಾಳೆ ಫೆಲಿಪಾ. ನನ್ನನ್ನು ನೋಡಿ ದನಿ ತಗ್ಗಿಸುತ್ತಾಳೆ. "ಸೆಲಿನಾ, ನಿಮ್ಮನೆಯಿಂದ ಬಂದ್ವಲ್ಲ. ಅವನದೇ ಕೈರುಚಿ ಇರಲಿ ಅಂತ."

"ಕುದಿಸಿದ್ಯಾ?" ಎಲೊಯ್ಡಾ ಹೊಸ್ತಿಲಲ್ಲೇ ನಿಂತಿದ್ದಾರೆ.

"ಏನ್ ಮಾತು ಇದು? ನಮ್ಮನೇಲಿ ಜಾಡಿಯಿಂದ ತಣ್ಣಗೆ ತಿಂತೀವಾ?"

"ಬಿಸಿ ಮಾಡಿದ್ದಾ, ಕುದಿಸಿದ್ದಾ? ಎಷ್ಟೊತ್ತು?"

"ಮೆಕ್ಕೆಜೋಳದ ಜೊತೆ ಹಾಕಿದ್ದೆ. ಆ ಜೋಳ ಬೇಯೋಕೆ ಒಂದು ಗಂಟೆ ಬೇಕು. ಕೊತಕೊತ ಕುದ್ದಿದೆ. ಯಾಕೆ?"

"ಕಣ್ಣು ಮಂಜಾಗಿದ್ಯಾ? ಎರಡೆರಡು ಕಾಣುತ್ತಾ?"

"ನೀನೊಬ್ಳೇ ಸಾಕಾಗಿದೆ ಮಾರಾಯ್ತಿ. ಎರಡೆರಡು ಎಲೊಯ್ಡಾ ಯಾರಿಗೆ ಬೇಕು?"

ಎಲೊಯ್ಡಾ ನಗುವುದಿಲ್ಲ. ಫೆಲಿಪಾಳ ಗಂಡನನ್ನು ಎಬ್ಬಿಸಿ, ಬೆಳಕಿಗೆ ನಿಲ್ಲಿಸಿ, ರೆಪ್ಪೆ ನೋಡುತ್ತಾರೆ. ನೀರು ಕುಡಿಸಿ ಗಂಟಲು ನೋಡುತ್ತಾರೆ. ಆಮೇಲೆ ಆರೋಗ್ಯ ಕೇಂದ್ರದ ನರ್ಸ್‌ಗೆ ಫೋನ್ ಮಾಡುತ್ತಾರೆ. ಅಷ್ಟು ಹೊತ್ತು ಕುದಿದಿದ್ದರೆ ವಿಷವಿದ್ದರೂ ಕೆಟ್ಟಿರುತ್ತದೆ, ಆದರೂ ಇಬ್ಬರನ್ನೂ ಈಗಲೇ ಕಳಿಸಿ ಎನ್ನುತ್ತಾಳೆ ನರ್ಸ್. ಫೆಲಿಪಾಗೆ ಈಗ ಅಪಾಯ ಅರ್ಥವಾಗುತ್ತದೆ.

"ಏನಾಯ್ತು ಅಂತ ಹೇಳ್ಬಾರ್ದಾ?"

"ನನ್ನ ಕುಕ್ಕರ್. ನಾನು ನೋಡ್ಕೋಬೇಕಿತ್ತು, ನೋಡ್ಕೊಳ್ಲಿಲ್ಲ."

"ಹಾಗಾದ್ರೆ ಇನ್ನು ನಿನ್ನ ಕುಕ್ಕರಿಂದ ಬಂದಿದ್ದನ್ನ ಯಾರು ತಿಂತಾರೆ ಹೇಳು?" ಫೆಲಿಪಾ ಕೋಪದಲ್ಲಿ ಕೇಳಿದ್ದಲ್ಲ. ಹೆದರಿಕೆಯಲ್ಲಿ ಕೇಳಿದ್ದು.

ಎಲೊಯ್ಡಾ ಅವಳ ಕೋಟು ತಂದು ತೋಳು ಹಾಕಿಸುತ್ತಾರೆ.

ಟ್ರಕ್ಕಿನಲ್ಲಿ ಹೇಳುತ್ತೇನೆ. "ಹತ್ತು ಇಟ್ಟಿದ್ದು ರಾಮಿರೊ. ಅವರಿಗೆ ಹೇಳಿಬಿಡಿ ಚಿಕ್ಕಮ್ಮ."

"ಹೇಳಿ? ಅವನು ಬಂದು ತಿದ್ಕೋತಾನಾ? ನಾನಾದ್ರೆ ತಿದ್ಕೋಬಹುದು." ಕಿಟಕಿಯ ಕಡೆ ತಿರುಗುತ್ತಾರೆ. "ಓಡ್ಸು. ಬೀನ್ಸ್ ತಳ ಹಿಡಿಯುತ್ತೆ."

ಬೀನ್ಸ್ ತಳ ಹಿಡಿದಿಲ್ಲ. ಹಿಲ್ಬೆರ್ತೊನ ಎರಡು ಜಾಡಿ ಬಾಗಿಲ ಮುಂದಿವೆ. ಆಲೂಗಡ್ಡೆಗೆ ಮೆಣಸಿನಕಾಯಿ ಹಾಕುತ್ತಾ, ರೊಟ್ಟಿ ಸುತ್ತುತ್ತಾ, ಡಬ್ಬಿ ಮುಚ್ಚುತ್ತಾ ಎಲೊಯ್ಡಾ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾರೆ. ಫೋನ್ ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಕೊಂಡಿದೆ. ಪ್ಲಮ್ ಜಾಮಿನ ಮನೆ, ಏಪ್ರಿಕಾಟಿನ ಮನೆ, ಉಪ್ಪಿನಕಾಯಿಯ ಮನೆ. ಯಾರೂ ಹಂದಿ ಮಾಂಸ ಒಯ್ದಿಲ್ಲ. ಕೂಟಕ್ಕೆ ಬಂದವರಲ್ಲಿ ಫೋನ್ ಮಾಡದೆ ಬಿಟ್ಟದ್ದು ಒಬ್ಬರಿಗೇ. ಒನೊಫ್ರೆ ತಾತ.

"ಅವನು ಹಂದಿ ಮುಟ್ಟಲ್ಲ" ಎನ್ನುತ್ತಾರೆ. "ಹುಡುಗನಿದ್ದಾಗ ಸಾಕಿದ ಹಂದಿಗೆ ಹೆಸರಿಟ್ಟಿದ್ದ. ಅದನ್ನ ಕಡಿದ ದಿನದಿಂದ ಬಿಟ್ಟ. ಎಂಬತ್ತು ವರ್ಷ ಆಯ್ತು. ಫೋನ್ ಮಾಡಿದ್ರೆ ಬೈತಾನೆ, ಅಷ್ಟೇ." ಆದರೂ ಮಾಡುತ್ತಾರೆ. ಫೋನ್ ರಿಂಗಾಗುತ್ತಲೇ ಇದೆ. ತಾತನಿಗೆ ಕಿವಿ ಮಂದ.

ಎಲೊಯ್ಡಾ ಒಲೆಯ ಕಡೆ ನೋಡುತ್ತಾರೆ, ಗಡಿಯಾರದ ಕಡೆ ನೋಡುತ್ತಾರೆ. ಊಟ ಹಂಚುವ ವ್ಯಾನಿಗೆ ಹೋಗಬೇಕಿದ್ದ ತಾತನ ಡಬ್ಬಿಯನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. "ಇದನ್ನ ನಾವೇ ಕೊಡೋಣ."

ಒನೊಫ್ರೆ ತಾತನ ಬಾಗಿಲಿಗೆ ಚಿಲಕವಿಲ್ಲ. ಒಳಗೆ ಅವರು ಮೇಜಿನ ಮುಂದೆ ಕೂತಿದ್ದಾರೆ. ಶವಸಂಸ್ಕಾರಕ್ಕೆ ಹಾಕಿದ್ದ ಕರಿ ಕೋಟನ್ನು ಇವತ್ತೂ ಹಾಕಿಕೊಂಡಿದ್ದಾರೆ. ಮುಂದೆ ಮುಚ್ಚಳ ತೆಗೆದ ಜಾಡಿ. ಕೈಯಲ್ಲಿ ತುಂಬಿದ ಚಮಚ. ಪಕ್ಕದಲ್ಲಿ ನಾಯಿ ಬಾಯಿ ತೆರೆದು ಕಾಯುತ್ತಿದೆ.

"ಇಡು ಅದನ್ನ!" ಎಲೊಯ್ಡಾ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಎಂದೂ ಕೇಳಿಲ್ಲ. ನಾಯಿ ಮೇಜಿನ ಕೆಳಗೆ ನುಗ್ಗುತ್ತದೆ.

ಚಮಚ ತಾತನ ಕೈಯಲ್ಲೇ ಇದೆ. "ಯಾಕೆ ಕಿರುಚ್ತೀಯೇ? ಮನೆಗೆ ಬೆಂಕಿ ಬಿತ್ತಾ?"

"ಬಾಯಿಗಿಟ್ಟ್ಯಾ? ಒನೊಫ್ರೆ, ನನ್ನ ನೋಡು. ಬಾಯಿಗಿಟ್ಟ್ಯಾ ಇಲ್ವಾ?"

"ಇನ್ನೂ ಇಲ್ಲ. ಹಂದಿ ಕಣೇ. ಧೈರ್ಯ ಬರ್ಬೇಕಲ್ಲ. ಬೆಳಗ್ಗೆಯಿಂದ ಕೂತಿದೀನಿ."

ಎಲೊಯ್ಡಾ ಚಮಚವನ್ನು ಬಟ್ಟೆಯಲ್ಲಿ ಹಿಡಿದು ತೆಗೆದುಕೊಳ್ಳುತ್ತಾರೆ. ನಾಯಿಯ ಮೂತಿ ಒಣಗಿದೆ, ಅದಕ್ಕೂ ಏನೂ ಸಿಕ್ಕಿಲ್ಲ. ಜಾಡಿಗೆ ಮುಚ್ಚಳ ಬೀಳುತ್ತದೆ. ತಾತನ ಕೈಯನ್ನು ಸೋಪು ಹಾಕಿ ಉಜ್ಜುತ್ತಾರೆ, ಮೇಜನ್ನು ಬ್ಲೀಚ್ ಹಾಕಿ ಒರೆಸುತ್ತಾರೆ. ಅಷ್ಟಾದ ಮೇಲೆ ಅವರ ಎದುರು ಕೂತುಬಿಡುತ್ತಾರೆ.

"ಹಂದಿ ತಿನ್ನದೋನು ಯಾಕೆ ಎತ್ಕೊಂಡೆ?"

"ಅದೊಂದು ಉಳಿದಿತ್ತು" ಎನ್ನುತ್ತಾರೆ ತಾತ. "ಹೊಸ ಹುಡುಗ. ಮೊದಲನೇ ಸಲ ತಂದಿದ್ದ. ಉಳಿದ ಜಾಡಿ ವಾಪಸ್ ತಗೊಂಡು ಹೋಗೋನ ಮುಖ ನೋಡೋಕಾಗಲ್ಲ ನಂಗೆ. ನನ್ನ ಜೇನು ಕೊಟ್ಟು ಎತ್ಕೊಂಡೆ. ಎಷ್ಟು ಖುಷಿಪಟ್ಟ ಗೊತ್ತಾ? ಜೀರಿಗೆ ವಿಷಯ ಅರ್ಧ ಗಂಟೆ ಹೇಳಿದ. ನಂಗೇನೂ ಕೇಳಿಸ್ಲಿಲ್ಲ." ನನ್ನ ಕಡೆ ತಿರುಗುತ್ತಾರೆ. "ಇವತ್ತು ಅವನ ಹೆಸರಲ್ಲಿ ಒಂದು ತುತ್ತು ತಿನ್ನೋಣ ಅಂತ ಇದ್ದೆ, ಕಂದಾ."

ನಾನು ಡಬ್ಬಿ ತೆರೆದು ಅವರ ಮುಂದಿಡುತ್ತೇನೆ. ಬೀನ್ಸ್, ಆಲೂಗಡ್ಡೆ, ರೊಟ್ಟಿ. ತಾತ ತಿನ್ನುತ್ತಾರೆ.

ವಾಪಸ್ ಬರುವಾಗ ಎಲೊಯ್ಡಾ ತಾತನ ಜಾಡಿಯನ್ನು ಬಟ್ಟೆ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದಾರೆ. ಸೇತುವೆ ದಾಟಿದ ಮೇಲೆ, ರಸ್ತೆ ನೋಡುತ್ತಲೇ ಹೇಳುತ್ತಾರೆ, "ನನ್ನ ಕುಕ್ಕರಿಗೆ ಏಳು ಹಿಡಿಯುತ್ತೆ."

"ಒಂದು ಮನೇಲಿದೆ" ಎನ್ನುತ್ತೇನೆ. ಅಡುಗೆಮನೆಯ ಕಪಾಟಿನಲ್ಲಿ, ಮೇಲಿನ ಹಲಗೆಯ ಮೇಲೆ. ಅವನ ಅಡುಗೆಯಲ್ಲಿ ಉಳಿದದ್ದು ಅದೊಂದೇ. "ನಾನು ಅದನ್ನ ತೆಗೆಯಲ್ಲ ಚಿಕ್ಕಮ್ಮ. ಸುಮ್ಮನೆ ಇಟ್ಟುಕೊಂಡಿರ್ತೀನಿ."

"ತೆಗೀತೀಯ. ಇವತ್ತಲ್ಲ. ತೆಗೀಲೇಬೇಕು ಅನ್ನಿಸೋ ದಿನ ಒಂದು ಬರುತ್ತೆ. ಆಗ ನಾನು ಪಕ್ಕದಲ್ಲಿರಲ್ಲ."

ಮನೆಯ ಮುಂದೆ ಅವರು ಟ್ರಕ್ಕಿನಿಂದ ಇಳಿಯುವುದಿಲ್ಲ. ಒಳಗೆ ಹೋಗಿ ಬಾ ಎಂದೂ ಹೇಳುವುದಿಲ್ಲ. ಕಾಯುತ್ತಾರೆ. ನಾನು ಜಾಡಿ ತಂದು ಅವರ ಮಡಿಲಲ್ಲಿಡುತ್ತೇನೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಭಾಮಂದಿರದವರೆಗೂ ಬರುತ್ತಾರೆ. ಫೆಲಿಪಾಳದ್ದು ಬಿಟ್ಟು ಉಳಿದ ಆರು ಜಾಡಿಗಳನ್ನೂ ದೊಡ್ಡ ಪಾತ್ರೆಯಲ್ಲಿ ಮುಳುಗಿಸಿ, ಗಂಟೆಗಟ್ಟಲೆ ಕುದಿಸಿ, ಆಮೇಲೆ ಕಸಕ್ಕೆ ಕೊಡುತ್ತಾರೆ. ಅಲ್ಲಿಯವರೆಗೂ ಒಲೆಯ ಮುಂದಿನಿಂದ ಏಳುವುದಿಲ್ಲ. ಸಂಜೆ ಆರೋಗ್ಯ ಕೇಂದ್ರದಿಂದ ಫೋನ್ ಬರುತ್ತದೆ. ಫೆಲಿಪಾ ದಂಪತಿಗೆ ಏನೂ ಆಗಿಲ್ಲ. ಇನ್ನೂ ಕೆಲವು ದಿನ ಕಣ್ಣಿಡಬೇಕು, ಅಷ್ಟೇ.

ಮರುವಾರ ಎಲೊಯ್ಡಾ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಾರೆ. ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು. ಕೈಯಲ್ಲಿ ಹಂದಿ ಮಾಂಸದ ಪೊಟ್ಟಣ.

"ಕುಕ್ಕರ್ ವಾಪಸ್ ಕೊಡೋ ಮುಂಚೆ ಒಂದ್ಸಲ ಆಗ್ಬೇಕು. ಈ ಮನೇಲಿ ನಾನು ಕೂರೋದು ಬಾಕಿ ಇದೆ" ಎನ್ನುತ್ತಾರೆ. ಒಲೆಯ ಮುಂದೆ ಕುರ್ಚಿ ಎಳೆದುಕೊಳ್ಳುತ್ತಾರೆ. "ಅವನು ಹೇಗೆ ಮಾಡಿದ್ನೋ ಹಾಗೇ ಮಾಡು. ಜೀರಿಗೇನೂ ಹಾಕು, ಏನ್ಮಾಡೋದು. ಮುಳ್ಳು ಮಾತ್ರ ನಂದು."

ಮುಳ್ಳು ಹದಿನಾಲ್ಕಕ್ಕೆ ಏರುತ್ತದೆ. ಒಂದೂವರೆ ಗಂಟೆ ಅಲ್ಲೇ ನಿಲ್ಲುತ್ತದೆ. ನಾವಿಬ್ಬರೂ ಅದನ್ನೇ ನೋಡುತ್ತೇವೆ. ನಡುವೆ, ಲೇಖನದಲ್ಲಿ ನಿಮ್ಮ ಬಗ್ಗೆ ಏನು ಬರೆಯಬೇಕೆಂದು ಕೇಳುತ್ತೇನೆ.

"ನನ್ನ ಬಗ್ಗೆ ಏನ್ ಬರೀತೀಯ? ಹದಿನಾಲ್ಕು ಅಂತ ಬರಿ. ದೊಡ್ಡ ಅಕ್ಷರದಲ್ಲಿ. ಕೆಳಗಿನ ಊರುಗಳಿಂದ ಮದುವೆಯಾಗಿ ಬರೋರು ಬರ್ತಾನೇ ಇರ್ತಾರೆ. ಅವರ ಅಮ್ಮಂದಿರು ಹೇಳಿಕೊಟ್ಟಿದ್ದು ತಪ್ಪಲ್ಲ, ಅಲ್ಲಿಗೆ ಸರಿ. ಅದನ್ನೂ ಬರಿ." ಮುಳ್ಳಿನಿಂದ ಕಣ್ಣು ತೆಗೆಯದೆ ಇನ್ನೊಂದು ಸೇರಿಸುತ್ತಾರೆ. "ಕುಕ್ಕರ್ ಮೂಲೇಲಿ ಕೂರಬಾರದು. ಅಷ್ಟೇ ನಂಗೆ."

ಡಿಸೆಂಬರಿನ ಮೊದಲ ಶನಿವಾರ. ಸಭಾಮಂದಿರದಲ್ಲಿ ಜನ ಎಂದಿಗಿಂತ ಕಡಿಮೆ. ಮೇಜಿನ ಮೇಲೆ ಜಾಮು, ಉಪ್ಪಿನಕಾಯಿ, ಜೇನು. ಮಾಂಸದ ಜಾಡಿಗಳೆಂದರೆ ನಾನು ತಂದ ಏಳೇ. ಗಂಟೆ ಬಾರಿಸುವ ಮೊದಲು ಎಲೊಯ್ಡಾ ನಿಂತು, ತಮ್ಮ ಕುಕ್ಕರಿನಿಂದ ಏನಾಯಿತೆಂದು ಹೇಳುತ್ತಾರೆ. ರಾಮಿರೊನ ಹೆಸರು ಬರುವುದಿಲ್ಲ. ಅವರು ಕೂತ ಮೇಲೆ ನಾನು ಎದ್ದು, ಹತ್ತು ಇಟ್ಟದ್ದು ರಾಮಿರೊ ಎನ್ನುತ್ತೇನೆ. ಅವನ ಅಮ್ಮನ ಊರು ಸಮುದ್ರದ ದಡದ್ದು ಎನ್ನುತ್ತೇನೆ. ಈ ಏಳು ಹದಿನಾಲ್ಕರಲ್ಲಿ ಬೆಂದವು ಎನ್ನುತ್ತೇನೆ.

ಎಲೊಯ್ಡಾ ಗಂಟೆ ಬಾರಿಸುತ್ತಾರೆ. ಯಾರೂ ಏಳುವುದಿಲ್ಲ.

ಫೆಲಿಪಾ ಏಳುತ್ತಾಳೆ. ಮೇಜಿನವರೆಗೆ ಬಂದು ಒಂದು ಜಾಡಿ ಎತ್ತಿ, ಮುಚ್ಚಳ ಒತ್ತಿ ನೋಡಿ, ಚೀಲಕ್ಕೆ ಹಾಕುತ್ತಾಳೆ. "ಈ ಸಲಾನೂ ಜೀರಿಗೆ!" ಎಂದು ಎಲ್ಲರಿಗೂ ಕೇಳುವಂತೆ ಬೈಯುತ್ತಾಳೆ. ಹಿಲ್ಬೆರ್ತೊ ನಗುತ್ತಾ ಏಳುತ್ತಾನೆ. ಆಮೇಲೆ ಸಿಸ್ಟರ್‌ಗಳು. ಒನೊಫ್ರೆ ತಾತ ದೂರದಿಂದ ಕೈ ಆಡಿಸುತ್ತಾರೆ. ಅವರಿಗೆ ಬೇಡ.

"ಕುಕ್ಕರ್ ಮುಂದೆ ಯಾರಿಗೆ?" ಎಂದು ಎಲೊಯ್ಡಾ ಕೇಳುವುದಿಲ್ಲ. ಪ್ರತಿ ಕೂಟದಲ್ಲೂ ಕೇಳುತ್ತಿದ್ದರು. ಫೆಲಿಪಾಳೇ ಹೇಳುತ್ತಾಳೆ, "ನಮ್ಮನೆಗೆ ಕಳ್ಸು. ನೀನೂ ಬಾ ಜೊತೆಗೆ, ಕುರ್ಚಿ ಇದೆ."

ಹಿಲ್ಬೆರ್ತೊ ಮತ್ತು ನಾನು ಟ್ರಕ್ಕಿನಿಂದ ಕುಕ್ಕರ್ ಇಳಿಸಿ ಒಳಗೆ ತರುತ್ತೇವೆ. ಎಲೊಯ್ಡಾ ಅವರ ಮುಂದೆ ಇಡುತ್ತೇವೆ. ರಾಮಿರೊ ತೆಗೆದುಕೊಂಡು ಹೋಗಿದ್ದದ್ದು, ಚಿಕ್ಕಮ್ಮ, ತಂದಿದ್ದೇನೆ ಎನ್ನುತ್ತೇನೆ. ಅವರು ಮುಚ್ಚಳ ತಿರುಗಿಸಿ ತೆಗೆಯುತ್ತಾರೆ. ರಬ್ಬರಿನ ಸುತ್ತ ಬೆರಳು ಆಡಿಸುತ್ತಾರೆ. ಬಗ್ಗಿ ಮೂಸುತ್ತಾರೆ.

"ಜೀರಿಗೆ ವಾಸನೆ."

"ತೊಳೆದಿದ್ದೆ. ಇನ್ನೊಂದು ಸಲ ತೊಳೆದು ತರ್ತೀನಿ."

"ಬೇಡ, ಇರಲಿ" ಎನ್ನುತ್ತಾರೆ ಎಲೊಯ್ಡಾ, ಮುಚ್ಚಳ ಹಾಕಿ ತಿರುಗಿಸುತ್ತಾ.